ನಿರಂಜನನ ಹೊಸ ಟೆಸ್ಟರ್

ನವೆಂಬರ್ 9, ಭಾನುವಾರ

ಗಂಡನ ಟೆಸ್ಟರ್ ಕೊನೆಗೂ ಬಂತು. ಸಿಗರೇಟ್ ಬಿಟ್ಟು ವೇಪ್, ಅದೇ ಬ್ಯಾಟರಿಯ ಇ-ಸಿಗರೇಟ್, ಹಿಡಿದ ಮಹಾಶಯ. ಅದರ ಕಾಯಿಲ್ ಎಷ್ಟು ಓಮ್, ಬ್ಯಾಟರಿ ಎಷ್ಟು ವೋಲ್ಟ್ ಅಂತ ನೋಡೋ ಒಂದು ಡಬ್ಬಿ ಆರಿಸೋಕೆ ಮೂರು ವಾರ ರಿವ್ಯೂ ಓದಿದ. ವುಡ್‌ಬ್ರಿಡ್ಜ್‌ನಲ್ಲಿ ಈ ಮನೆ ತಗೊಳ್ಳುವಾಗಲೂ ಇಷ್ಟು ಓದಿರಲಿಲ್ಲ. "ಸೇಫ್ಟಿ ಮುಖ್ಯ ಕಣೇ" ಅಂತ ಉಪದೇಶ ಬೇರೆ.

ಮಗಳ ರೂಮಿನ ಬಾಗಿಲ ಮೇಲಿನ ಸ್ಮೋಕ್ ಅಲಾರ್ಮ್ ಇವನ ಹೊಗೆಗೆ ದಿನಾ ಬಡ್ಕೊಳ್ತಿತ್ತು. ಹೋದ ತಿಂಗಳು "ಬ್ಯಾಟರಿ ಡೆಡ್, ಹೊಸದು ತರ್ತೀನಿ" ಅಂತ ಕಿತ್ತು ಡ್ರಾಯರಿಗೆ ಎಸೆದಿದ್ದ. ನಾನೂ ನಂಬಿದ್ದೆ.

ಇವತ್ತು ಅವನು ಸ್ನಾನಕ್ಕೆ ಹೋದಾಗ ಆ ಬ್ಯಾಟರಿಗೆ ಟೆಸ್ಟರ್ ಹಚ್ಚಿ ನೋಡಿದೆ. 9.3 ವೋಲ್ಟ್. ಫುಲ್.

ಮೂರು ವಾರ ಕೂತು ಸುಳ್ಳು ಹೇಳದ ಟೆಸ್ಟರನ್ನೇ ಆರಿಸಿದ್ದಾನೆ, ಪೆದ್ದ.

ಬ್ಯಾಟರಿನ ಅಲಾರ್ಮಿಗೆ ವಾಪಸ್ ಹಾಕಿದೀನಿ. ನಾಳೆ ಕಾಫಿ ಜೊತೆ ಒಂದು ದಮ್ ಎಳೀಲಿ, ನೋಡ್ತೀನಿ.