ಅತ್ತೆಯ ಒಪ್ಪಿಗೆ

ನವೆಂಬರ್ ೭, ಗುರುವಾರ

ಒಪ್ಪಿಗೆ ಕೇಳದೆ ರೋಗಿಯ ಮೈ ಮುಟ್ಟಬಾರದು. ಶುಶ್ರೂಷೆ ತರಗತಿಯ ಇವತ್ತಿನ ಈ ಪಾಠ ತಲೆಯಿಂದ ಹೋಗುತ್ತಿಲ್ಲ.

ಮನೆಗೆ ಬಂದಾಗ ಅತ್ತೆಯ ಹಾಸಿಗೆ ಒದ್ದೆಯಾಗಿತ್ತು. ಅವರಿಗೆ ಮುರಿದಿರುವುದು ಸೊಂಟ, ಬಾಯಲ್ಲ. ತವರಿಗೆ ಹೋಗಲೂ ಅವರ ಒಪ್ಪಿಗೆಗೆಂದು ಇಪ್ಪತ್ತೆರಡು ವರ್ಷ ಬಾಗಿಲ ಬಳಿ ನಿಂತು ಕಾದವಳು ನಾನು.

“ಅತ್ತೆ, ಬಟ್ಟೆ ಬದಲಿಸ್ಲಾ?”

“ಕಣ್ಣು ಕಾಣಲ್ವೇನೇ? ಇದನ್ನೂ ಕೇಳ್ಬೇಕಾ?”

“ಹೂಂ ಅನ್ನಿ ಅತ್ತೆ. ನೀವು ಒಪ್ಪದೆ ಮುಟ್ಟೋ ಹಾಗಿಲ್ಲ.”

ಅವರು ಗೋಡೆಯತ್ತ ಮುಖ ತಿರುಗಿಸಿದರು. ನಾನು ಕುರ್ಚಿ ಎಳೆದುಕೊಂಡು ಕೂತೆ. ಹದಿನೇಳು ನಿಮಿಷ. ಇಪ್ಪತ್ತೆರಡು ವರ್ಷದ ಮುಂದೆ ಅದೇನು ಮಹಾ!

“ಬದಲಿಸಮ್ಮಾ, ನಿನ್ ದಮ್ಮಯ್ಯ,” ಎಂದರು ಕೊನೆಗೆ.

ಒಪ್ಪಿಗೆ ಸಿಕ್ಕಿತು; ತರಗತಿಯ ಪಾಠ ಅಲ್ಲಿಗೆ ಮುಗಿಯುತ್ತದೆ.

“ಏನಂದ್ರಿ ಅತ್ತೆ? ಇನ್ನೊಂದ್ಸಲ ಹೇಳಿ,” ಎಂದೆ.