ಸೊನ್ನೆಯ ಮೇಲಿನ ಒಂದು

ಕಾವ್ಯಾ, ನನ್ನ ಹಟಮಾರಿ ತಂಗಿಯೇ,

ಈ ಕಾಗದ ಕೈಗೆ ಬಂದ ಕೂಡಲೇ ಬಟ್ಟೆಬರೆ ಕಟ್ಟಿಕೊಂಡು ಆ ಹಾಸ್ಟೆಲ್ ಬಿಡು. ಮಿಕ್ಕಿದ್ದನ್ನು ದಾರಿಯಲ್ಲಿ ಓದಿಕೋ. ನಿನ್ನ ಗಂಡ ಕೊಟ್ರೇಶ ನಿನ್ನ ಜಾಡು ಹಿಡಿದಿದ್ದಾನೆ. ಫೋನಿನಲ್ಲಿ ಹೇಳಲು ನನಗೆ ಧೈರ್ಯ ಬರಲಿಲ್ಲ. ಕಾಲೇಜಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗುಲ್ಫಶಾ ಇದನ್ನು ತರಲು ಒಪ್ಪಿದ್ದಾಳೆ. ಅವಳು ಬಸ್ ಹತ್ತುವುದರೊಳಗೆ ಬರೆದು ಮುಗಿಸಬೇಕು. ನೀನಿರುವ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ನಿನ್ನೆ ಬೆಳಿಗ್ಗೆ ಅವನು ಮಾನ್ವಿಯ ತನ್ನ ರೈಸ್ ಮಿಲ್ಲಿನಿಂದ ನೇರವಾಗಿ ರಾಯಚೂರಿಗೆ, ನಮ್ಮ ಮನೆಗೆ ಬಂದ. ಕಾಲು ತೊಳೆದುಕೊಂಡ, ಚಹಾ ಕೇಳಿ ಕುಡಿದ. ಅವನ ಅಷ್ಟು ಮರ್ಯಾದೆ ಕಂಡೇ ನಾನು ಬೀದಿ ಬಾಗಿಲನ್ನು ತೆರೆದೇ ಇಟ್ಟೆ. ಆಮೇಲೆ ಮೊಬೈಲನ್ನು ನನ್ನ ಮುಂದಿಟ್ಟ. “ನೋಡ್ರೀ ಅಕ್ಕಾರ, ನಿಮ್ಮ ತಂಗಿ ರೊಕ್ಕ ಹಾದು ಹೋದ ದಾರಿ ಇದು. ಹತ್ತು ಮಂದಿ ರೊಕ್ಕದಾಗ ಕಲಸ್ಯಾಳ, ಖರೆ. ಆದ್ರ ಸೊನ್ನಿ ಮ್ಯಾಲೆ ಒಂದು ಇಡೋದು ಬಿಟ್ಟಿಲ್ಲ ನೋಡ್ರಿ” ಎಂದು ನಕ್ಕ.

ಆ ಒಂದು ನಮ್ಮ ಅವ್ವನದು. ಮುಯ್ಯಿಯಾಗಲಿ ಕಾಣಿಕೆಯಾಗಲಿ, ಸೊನ್ನೆಗೆ ನಿಲ್ಲಿಸಿ ಕೊಟ್ಟವಳಲ್ಲ ಅವಳು. ನೂರಿದ್ದರೆ ನೂರಾ ಒಂದು. ನೀನೂ ಬಿಟ್ಟಿಲ್ಲ. ದೇವದುರ್ಗದಲ್ಲಿರುವ ಅವ್ವನಿಗೆಂದು ಪ್ರತಿ ತಿಂಗಳು ನನ್ನ ಖಾತೆಗೆ ಬಿಟ್‌ಕಾಯಿನ್ ಕಳಿಸುವಾಗಲೂ ಅದರ ಅತಿ ಸಣ್ಣ ಚೂರಿನಲ್ಲಿ ಒಂದನ್ನು ಹೆಚ್ಚಿಗೆ ಇಟ್ಟೆ. ಯಾವ ಪುಣ್ಯಕ್ಕೆ, ಮಾರಾಯ್ತಿ? ಅಂಥದ್ದೇ ಪದ್ಧತಿಯ ಮನೆಯಲ್ಲಿ ಬೆಳೆದವನ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ?

ಬಿಟ್‌ಕಾಯಿನ್ನಿನಲ್ಲಿ ಹೆಸರಿಲ್ಲ, ಬರೀ ನಂಬರು ಎಂದು ನೀನು ನಂಬಿದ್ದೆ. ಆದರೆ ಯಾವ ನಂಬರು ಯಾವುದಕ್ಕೆ ಎಷ್ಟು ಕೊಟ್ಟಿತೆಂದು ಲೋಕವೆಲ್ಲ ನೋಡಬಹುದು. ನೀನು ಚಿತ್ರ ಬರೆದುಕೊಟ್ಟು ಹಣ ಪಡೆಯುತ್ತಿದ್ದ ಹಳೆಯ ನಂಬರು ಅವನಿಗೆ ಮೊದಲಿನಿಂದ ಗೊತ್ತು. ಅದಕ್ಕೇ ನೀನು ಹಲವರ ಬಿಟ್‌ಕಾಯಿನ್ ಕಲಸಿ ಹಂಚುವ ಮಿಶ್ರಣದ ಮೊರೆ ಹೋದೆ. ಹತ್ತು ರೈತರ ಭತ್ತವನ್ನು ಒಂದೇ ರಾಶಿಗೆ ಸುರಿದು ಸಮತೂಕದ ಚೀಲ ತುಂಬಿದರೆ ಯಾವ ಚೀಲ ಯಾರದೆಂದು ತಿಳಿಯುವುದಿಲ್ಲ, ನಿಜ. ಆದರೆ ಮಿಲ್ಲಿನ ಬಾಗಿಲು ದಾಟಿದ ಕೂಡಲೇ ನಿನ್ನ ಚೀಲಕ್ಕೆ ನೀನೇ ಆ ಒಂದರ ಗುರುತು ಹಾಕಿದೆ. ಅವ್ವನಿಗೆ ಕೊಟ್ಟು ಉಳಿದ ಚಿಲ್ಲರೆಯಲ್ಲಿ ಹಾಸ್ಟೆಲ್ ಬಾಡಿಗೆ ಕಟ್ಟಿದೆ. ಹಾಸ್ಟೆಲಿನವರು ತಮ್ಮ ನಂಬರನ್ನು ವೆಬ್‌ಸೈಟಿನಲ್ಲೇ ಹಾಕಿಕೊಂಡಿದ್ದಾರೆ. ಅದು ಯಾರ ನಂಬರೆಂದು ಹೈದರಾಬಾದಿನಲ್ಲಿ ಅವನು ರೊಕ್ಕ ಕೊಟ್ಟು ಗೊತ್ತುಮಾಡಿದ ಒಬ್ಬ ಈಗ ಹುಡುಕುತ್ತಿದ್ದಾನೆ.

“ಸೋಮವಾರದೊಳಗ ಊರು ಗೊತ್ತಾಗ್ತದ. ಹ್ವಾದ ಸಲ ಬರೇ ಬೆರಳಿಗಿ ಮುಗೀತು ಅಂತ ಆಕಿಗಿ ನೆನಪು ಮಾಡ್ರಿ” ಎಂದು ಹೇಳಿ ಲೋಟ ಕೆಳಗಿಟ್ಟ. ನಿನ್ನ ಕಿರುಬೆರಳು ಇನ್ನೂ ನೆಟ್ಟಗಾಗಿಲ್ಲವೆಂದು ನನಗೆ ಗೊತ್ತು. ಅವನು ಹೋದ ಮೇಲೆ ಆ ಲೋಟವನ್ನು ಹೊರಗೆ ಎಸೆದೆ.

ಮಿಶ್ರಣಕ್ಕಿಂತ ಒಳ್ಳೆಯದು ಯಾವುದೆಂದು ನೀನು ಹಿಂದೊಮ್ಮೆ ಕೇಳಿದ್ದೆ. ಮಕ್ಕಳಿಗೆ ಕಂಪ್ಯೂಟರ್ ಪಾಠ ಹೇಳುವ ಅಕ್ಕ ನಾನು, ಹೇಳದೆ ಬಿಡುತ್ತೇನೆಯೇ? ಬಿಟ್‌ಕಾಯಿನ್ನಿನಂಥದ್ದೇ ಇನ್ನೊಂದು ನಾಣ್ಯ ಮೊನೆರೊದಲ್ಲಿ ನಿನ್ನ ಸಹಿಯ ಸುತ್ತ ಹಲವು ಹುಸಿ ಸಹಿಗಳು ನಿಲ್ಲುತ್ತವೆ, ಕೊಟ್ಟವರು ಯಾರೆಂದು ಹೇಳುವುದು ಕಷ್ಟ. ಪಡೆಯುವವರಿಗೆ ಪ್ರತಿ ಸಲವೂ ಹೊಸ ವಿಳಾಸ. ಮೊತ್ತವೂ ಕಾಣದು. ಅಪ್ಪ ಸಂತೆಯಲ್ಲಿ ಟವೆಲ್ಲಿನ ಕೆಳಗೆ ದಲಾಲಿಯ ಬೆರಳು ಹಿಡಿದು ಎತ್ತಿನ ಬೆಲೆ ಮಾತಾಡುತ್ತಿದ್ದನಲ್ಲ, ಹಾಗೆ. ಝೀಕ್ಯಾಶ್ ಎಂಬ ಮತ್ತೊಂದು ನಾಣ್ಯದ ಮುಚ್ಚಿದ ದಾರಿ ಇನ್ನೂ ಜಾಣತನದ್ದು. ಯಾರು, ಯಾರಿಗೆ, ಎಷ್ಟು ಎಂಬುದನ್ನು ತೋರಿಸದೆಯೇ ಲೆಕ್ಕ ಸರಿಯಿದೆಯೆಂದು ಸಾಬೀತು ಮಾಡುತ್ತದೆ. ಆದರೆ ಅದೇ ಮನೆಗೆ ತೆರೆದ ಬಾಗಿಲೂ ಉಂಟು, ಅದರಲ್ಲಿ ಓಡಾಡುವವರೂ ಬಹಳ. ಎಲ್ಲರೂ ಸೆರಗು ಹೊದ್ದ ಕಡೆ ಹೊದ್ದವಳು ಎದ್ದು ಕಾಣುವುದಿಲ್ಲ, ಆದ್ದರಿಂದ ನನ್ನ ಮತ ಮೊನೆರೊಗೆ. ಅಲ್ಲಿಂದಲೂ ಒಂದು ದಿನ ಹಣ ಹೊರಗೆ ತೆಗೆಯಲೇಬೇಕು. ಆಗ ಮತ್ತೆ ಒಂದನ್ನು ಹೆಚ್ಚಿಗೆ ಇಟ್ಟರೆ ಯಾವ ಗಣಿತವೂ ನಿನ್ನನ್ನು ಕಾಯಲಾರದು.

ನಿನ್ನೆ ಮಧ್ಯಾಹ್ನವೇ ದೇವದುರ್ಗಕ್ಕೆ ಹೋಗಿ ಅವ್ವನಿಗೆ ಎಲ್ಲ ಹೇಳಿದೆ. ನಂಬರು, ಮಿಶ್ರಣ ಯಾವುದೂ ಅವಳಿಗೆ ಅರ್ಥವಾಗಲಿಲ್ಲ. ತಾನು ಕಲಿಸಿದ ಆ ‘ಒಂದು’ ಅವನಿಗೆ ದಾರಿ ತೋರಿಸಿಕೊಟ್ಟಿತು ಎಂಬುದಷ್ಟೇ ಅರ್ಥವಾಯಿತು. ಹಸನು ಮಾಡುತ್ತಿದ್ದ ಅಕ್ಕಿಯ ಮೊರವನ್ನು ಪಕ್ಕಕ್ಕಿಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳನ್ನು ಹಾಗೆ ನೋಡಲು ನನ್ನಿಂದ ಆಗಲಿಲ್ಲ ಕಾವ್ಯಾ. ಕೊನೆಗೆ ಕಣ್ಣೊರೆಸಿಕೊಂಡು ಹೇಳಿದಳು: “ಆಕಿಗಿ ಏನೂ ಕಳಸಬ್ಯಾಡ ಅನ್ನು. ಬರೇ ಸೊನ್ನಿ ಬರ್ಲಿ. ಸೊನ್ನಿ ಬಂತಂದ್ರ ನನ್ ಮಗಳು ಅವನ ಕೈಗೆ ಸಿಕ್ಕಿಲ್ಲ ಅಂತ ತಿಳ್ಕೊಂತೀನಿ.”

ಗುಲ್ಫಶಾ ಬಾಗಿಲಲ್ಲಿ ನಿಂತಿದ್ದಾಳೆ. ಓದಿದ ಮೇಲೆ ಇದನ್ನು ಸುಟ್ಟುಬಿಡು. ಅಲ್ಲಿಂದ ಎಲ್ಲಿಗೆ ಹೋಗುವೆಯೆಂದು ಅವಳಿಗೂ ಹೇಳಬೇಡ, ನನಗೂ ಹೇಳಬೇಡ. ಅವನು ಮತ್ತೆ ಬಂದು ಕೇಳಿದಾಗ ನನಗೆ ನಿಜವಾಗಿಯೂ ಗೊತ್ತಿರಬಾರದು. ತಿಂಗಳಿಗೊಮ್ಮೆ ಖಾತೆ ತೆರೆದು ನೋಡುತ್ತೇನೆ. ಏನೂ ಇರದಿದ್ದರೆ ಅವ್ವನಿಗೆ ಹೇಳಿ ಇಬ್ಬರೂ ನೆಮ್ಮದಿಯಾಗಿ ಉಣ್ಣುತ್ತೇವೆ.

ಹೋಗು ತಂಗಿ, ಅವನ ಕಣ್ಣಿಗೆ ಬೀಳದಷ್ಟು ದೂರ ಹೋಗಿ ತಣ್ಣಗೆ ಬಾಳು.

ನಿನ್ನಿಂದ ಏನೂ ಬರದಿರಲೆಂದು ಕಾಯುವ ಅಕ್ಕ,
ಶೈಲಜಾ