ಆರೋಗ್ಯವಾಗಿ ನೀರಿಗೆ ಬಿಡಲಾಯಿತು

ದೆಲ್ಗೆರ್ ನದಿಯ ದಂಡೆ
ಸೆಪ್ಟೆಂಬರ್ ೧೪

ಪ್ರೀತಿಯ ದಾರಿಮಾ ಅಕ್ಕನಿಗೆ,

ಹೇಗಿದ್ದೀಯೆ? ಮಂಡಿ ಏನನ್ನುತ್ತಿದೆ? ಎರ್ದೆನೆತ್ ಪಟ್ಟಣದಲ್ಲಿ ನಿನ್ನ ತಂಗಿ ಮನೆಯ ಮೂರು ಮಹಡಿ ಹತ್ತುವುದೇ ಕಷ್ಟ ಎಂದು ಬರೆದಿದ್ದೆ. ಹದಿನೆಂಟು ವರ್ಷ ನನ್ನ ಜೊತೆ ಈ ನದಿಯ ಕಾವಲು ತಿರುಗಿದವಳು ಮೆಟ್ಟಿಲಿಗೆ ಹೆದರುವುದೆಂದರೆ ನನಗೆ ನಂಬಿಕೆಯೇ ಬರುವುದಿಲ್ಲ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯದ್ದಕ್ಕೆ ಬೈದುಕೋ, ಬೈಸಿಕೊಳ್ಳುತ್ತೇನೆ. ಇಲ್ಲಿ ಕುರಿಗಳು ಮೈ ತುಂಬಿಕೊಂಡಿವೆ, ಹುಲ್ಲು ಚೆನ್ನಾಗಿದೆ. ದಂಡೆಯ ಮರಗಳೆಲ್ಲ ಹಳದಿಯಾಗಿವೆ. ಈ ಸಲ ಹೆಣ್ಣುಕುದುರೆಯ ಹಾಲು ಎಷ್ಟು ಚೆನ್ನಾಗಿ ಹುಳಿ ಬಂದಿತ್ತೆಂದರೆ, ಕುಡಿಯುವಾಗಲೆಲ್ಲ ನಿನ್ನ ನೆನಪಾಗುತ್ತಿತ್ತು.

ಬರೆಯಬೇಕಾದ ಸುದ್ದಿ ಬೇರೆಯೇ ಇದೆ. ಫೋನಿನಲ್ಲಿ ಹೇಳೋಣವೆಂದು ಗುಡ್ಡ ಹತ್ತಿದೆ, ನಿನ್ನ ನಂಬರೂ ಒತ್ತಿದೆ, ಮತ್ತೆ ಇಟ್ಟುಬಿಟ್ಟೆ.

ನೀನು ಹೋದ ಮೇಲೆ ನಮ್ಮ ತಲೆಯ ಮೇಲೊಂದು ನದಿ ಸಂರಕ್ಷಣಾ ಸಮಿತಿ ಬಂದಿದೆ. ಅದಕ್ಕೆ ಅಧ್ಯಕ್ಷ ಎನೆಬಿಶ್. ಹಾಲಿನಂಥ ಬಿಳಿ ಬೂಟು ಹಾಕಿಕೊಂಡು ಬರುತ್ತಾನೆ, ದಂಡೆಯಲ್ಲಿ ಹಲಗೆ ಹಾಕಿಸಿಕೊಂಡು ಅದರ ಮೇಲೆ ನಿಲ್ಲುತ್ತಾನೆ. ಎರಡು ವರ್ಷದಲ್ಲಿ ಅವನ ಹೆಬ್ಬೆರಳು ನೀರಿಗೆ ತಾಗಿದ್ದನ್ನು ನಾನು ಕಂಡಿಲ್ಲ. ಆದರೆ ನದಿಯ ಬಗ್ಗೆ ಮಾತಾಡಲು ನಿಂತನೋ, ಕಣ್ಣಲ್ಲಿ ನೀರು. ಕ್ಯಾಮೆರಾ ಆರಿಸಿದೊಡನೆ ಅದೂ ಆರುತ್ತದೆ.

ಈ ಮಹಾಶಯ ಮೊನ್ನೆ ಒಂಬತ್ತನೆಯ ತಾರೀಖು 'ತುಲ್ ಮೀನು ಉಳಿಸುವ ದಿನ' ಎಂದು ಮಾಡಿದ. ದೊಡ್ಡ ಡೇರೆ, ಮೈಕು, ಹದಿನಾರು ಜೀಪು. ಬ್ಯಾನರಿನ ಮೇಲೆ ಒಂದು ಮೀನು. ಹತ್ತಿರ ಹೋಗಿ ನೋಡಿದರೆ ಯಾವುದೋ ಸಮುದ್ರದ ಮೀನು, ಮೈಯೆಲ್ಲ ಕೆಂಪು, ಮೂತಿ ಗಿಣಿಯ ಕೊಕ್ಕಿನಂತೆ!

"ಎನೆಬಿಶ್, ಇದು ನಮ್ಮ ತುಲ್ ಅಲ್ಲ ಕಣಪ್ಪ" ಅಂದೆ.

"ಯಾರಿಗೆ ಗೊತ್ತಾಗತ್ತೆ ಸೆವ್ಜಿದಕ್ಕ? ಮೀನು ಅಂದ್ರೆ ಮೀನೇ."

"ಹಂಗಾದ್ರೆ ಈ ಮೂಲೇಲಿರೋ ನಿನ್ನ ಫೋಟೋ ಕಿತ್ತು ನಮ್ಮ ಟಗರಿಂದು ಹಾಕ್ಸು. ಗಂಡು ಅಂದ್ರೆ ಗಂಡೇ."

ಜೀಪಿನ ಡ್ರೈವರುಗಳು ನಕ್ಕರು. ಅವನು ನಗಲಿಲ್ಲ.

ಆ ದಿನದ ಮುಖ್ಯ ಅತಿಥಿ ರಾಜಧಾನಿಯ ಗಣಿ ಸಾಹುಕಾರ ದಾಂಬಿನ್ಯಮ್. ಡೇರೆ, ಮೈಕು, ಊಟ ಎಲ್ಲ ಅವನದೇ. ಬದಲಿಗೆ ಅವನಿಗೆ ಬೇಕಾಗಿದ್ದದ್ದು ಒಂದೇ: ನದಿಯ ಅತಿ ದೊಡ್ಡ ಮೀನನ್ನು ಹಿಡಿದು, ಮುದ್ದಿಟ್ಟು, ನೀರಿಗೆ ಬಿಡುವ ವಿಡಿಯೋ. ಅದು ಚೆನ್ನಾಗಿ ಬಂದರೆ ಬರುವ ಬೇಸಿಗೆಗೆ ಇಂಥವರದೇ ಹನ್ನೆರಡು ತಂಡ ಕರೆತರಲು ಅಪ್ಪಣೆ ಸಿಗುತ್ತದೆಂದು ಎನೆಬಿಶ್ ನನ್ನ ಕಿವಿಯಲ್ಲಿ ಹೇಳಿದ. ಅವನ ಬಾಯಲ್ಲಿ ಜೊಲ್ಲು ಸುರಿಯುವುದೊಂದು ಬಾಕಿ.

"ದೊಡ್ಡದು ಎಲ್ಲಿರತ್ತೆ ಅಂತ ನಿಮಗೊಬ್ರಿಗೇ ಗೊತ್ತು, ತೋರಿಸಿ" ಅಂದ.

ನಾನೂ ಕಮ್ಮಿಯಲ್ಲ ಅಕ್ಕ. ದೊಡ್ಡ ಮಡುವಿನ ಕಡೆ ತಿರುಗಿಯೂ ನೋಡದೆ ಅವರನ್ನೆಲ್ಲ ಕೆಳಗಿನ ಕಲ್ಲುಮಡುವಿಗೆ ಕರೆದುಕೊಂಡು ಹೋದೆ. ನಿನಗೆ ಗೊತ್ತಲ್ಲ, ಅಲ್ಲಿ ಸಣ್ಣಪುಟ್ಟ ಮೀನು ಬಿಟ್ಟರೆ ಏನಿದೆ? ಸಂಜೆಯವರೆಗೆ ನೀರು ಹೊಡೆಯಲಿ, ಭುಜ ನೋಯಿಸಿಕೊಂಡು ಹೋಗಲಿ ಎಂದುಕೊಂಡೆ. ನನ್ನ ಜಾಣತನಕ್ಕೆ ನಾನೇ ಒಳಗೊಳಗೆ ನಗುತ್ತಿದ್ದೆ.

ಆರನೆಯ ಎಸೆತಕ್ಕೆ ಗಾಳ ಕಚ್ಚಿದವಳು ಯಾರು ಗೊತ್ತೇ? ನಮ್ಮ ಹರಕುರೆಕ್ಕೆ.

ಮೊದಲು ನಾನೂ ನಂಬಲಿಲ್ಲ. ನೀರು ಒಡೆದು ಆ ಕೆಂಪು ಬಾಲ, ಆ ಹರಿದ ಬೆನ್ನುರೆಕ್ಕೆ ಮೇಲೆದ್ದ ಮೇಲೆ ನಂಬಲೇಬೇಕಾಯಿತು. ಹನ್ನೊಂದು ವರ್ಷದ ಹಿಂದೆ ವಿಜ್ಞಾನಿಗಳು ಅವಳ ಬೆನ್ನಿಗೆ ಹಳದಿ ಪಟ್ಟಿ ಚುಚ್ಚುವಾಗ ನೀನು ಸೊಂಟಮಟ್ಟ ನೀರಿನಲ್ಲಿ ನಿಂತು, "ಸಿಟ್ಟಾಗ್ಬೇಡ ತಾಯಿ, ಈಗ ಬಿಟ್ಬಿಡ್ತೀವಿ" ಎಂದು ತಲೆ ಹಿಡಿದುಕೊಂಡಿದ್ದೆ. ಆಗಲೇ ಅವಳು ನನ್ನ ಎದೆಮಟ್ಟ ಉದ್ದವಿದ್ದಳು. ಈಗ ನನ್ನ ಗಲ್ಲ ಮುಟ್ಟುತ್ತಿದ್ದಳು. ಪ್ರತಿ ಜೂನ್‌ನಲ್ಲಿ ಮೊಟ್ಟೆಯಿಡಲು ಮೇಲಿನ ಜಲ್ಲಿಗೆ ಹೋಗುವವಳು ದೊಡ್ಡ ಮಡು ಬಿಟ್ಟು ಕಲ್ಲುಮಡುವಿಗೆ ಯಾಕೆ ಬಂದಳೋ. ನೀರು ಇಳಿದಿತ್ತು, ಅದಕ್ಕೇ ಇರಬೇಕು.

ಆ ಸಾಹುಕಾರ ಅವಳನ್ನು ಮುಕ್ಕಾಲು ಗಂಟೆ ಎಳೆದಾಡಿದ. ದಂಡೆಗೆ ಬಂದಾಗ ಅವಳಲ್ಲಿ ತ್ರಾಣವಿರಲಿಲ್ಲ. "ನೀರಲ್ಲೇ ಹಿಡ್ಕೊಳ್ಳಿ, ಎತ್ಬೇಡಿ" ಎಂದು ನಾನು ಕೂಗುತ್ತಲೇ ಇದ್ದೆ. ಅವನು ದವಡೆಗೆ ಕೈ ಹಾಕಿ ನೇತುಹಾಕಿದಂತೆ ಎತ್ತಿ ನಿಲ್ಲಿಸಿದ. ಅಷ್ಟು ಭಾರದ ಮೀನನ್ನು ಹಾಗೆ ನೇತುಹಾಕಿದರೆ ಒಳಗೆ ಏನೇನು ಹರಿಯುತ್ತದೆಂದು ಅವನಿಗೆ ಯಾರು ಹೇಳಬೇಕು? ಆಮೇಲೆ ಟೋಪಿ ಬದಲಾಯಿಸಿದ. ಆಮೇಲೆ ಬ್ಯಾನರು ತನ್ನ ಹಿಂದೆ ಬರಲಿ ಎಂದ. ಗಾಳಿಗೆ ಬ್ಯಾನರು ಮಡಚಿಕೊಂಡಿತು. ಮತ್ತೆ ಬಿಡಿಸಿದರು.

"ಸಾಕು, ಸಾಯ್ತದೆ ಅದು!" ಅಂದೆ.

"ಒಂದೇ ನಿಮಿಷ ಅಮ್ಮ" ಎಂದ ಸಾಹುಕಾರ. "ನಮ್ಮ ಮುಂದಿನ ಪೀಳಿಗೆಗಾಗಿ ಈ ಜೀವವನ್ನು ಉಳಿಸೋಣ ಅನ್ನೋ ಮಾತು ಸರಿಯಾಗಿ ಬರ್ಲಿಲ್ಲ. ಇನ್ನೊಂದ್ಸಲ ಹೇಳ್ತೀನಿ."

ಮೂರು ಸಲ ಹೇಳಿದ. ನೀನು ಹೊಸಬರಿಗೆ ಕಲಿಸುತ್ತಿದ್ದೆಯಲ್ಲ, ಮೀನನ್ನು ಎತ್ತಿದಾಗ ನಿಮ್ಮ ಉಸಿರೂ ಬಿಗಿಹಿಡಿಯಿರಿ, ನಿಮಗೆ ಕಟ್ಟಿದಾಗ ಅದಕ್ಕೂ ಕಟ್ಟಿರುತ್ತದೆ ಎಂದು. ನಾನು ಬಿಗಿಹಿಡಿದು, ಬಿಟ್ಟು, ಮತ್ತೆ ಹಿಡಿದು, ಕೊನೆಗೆ ಲೆಕ್ಕ ತಪ್ಪಿಹೋಯಿತು.

ನೀರಿಗೆ ಇಳಿಸಿದೊಡನೆ ಅವಳು ಮಗ್ಗುಲಿಗೆ ವಾಲಿದಳು. ನಾನು ನೀರಿಗೆ ಹಾರಿ ತಲೆಯನ್ನು ಹರಿವಿಗೆ ಎದುರಾಗಿ ಹಿಡಿದುಕೊಂಡೆ. ಕಿವಿರು ಒಂದು ಸಲ ತೆರೆಯಿತು, ಎರಡು ಸಲ ತೆರೆಯಿತು. ಇನ್ನರ್ಧ ಗಂಟೆ ಹಾಗೇ ಹಿಡಿದುಕೊಳ್ಳಲು ಬಿಟ್ಟಿದ್ದರೆ ಬದುಕುತ್ತಿದ್ದಳೋ ಏನೋ.

"ಅಕ್ಕ, ನೀವು ಫ್ರೇಮಲ್ಲಿ ಬರ್ತಿದೀರ, ಈ ಕಡೆ ಸರೀರಿ" ಎಂದು ಹಲಗೆಯ ಮೇಲಿಂದ ಎನೆಬಿಶ್ ಕೂಗಿದ. ನಾನು ಸರಿಯಲಿಲ್ಲ. ಅವನ ಇಬ್ಬರು ಆಳುಗಳು ಬಂದು ನನ್ನ ತೋಳು ಹಿಡಿದು ಪಕ್ಕಕ್ಕೆಳೆದರು. ಎನೆಬಿಶ್ ಡೇರೆಯ ಗೂಟವೊಂದನ್ನು ತೆಗೆದುಕೊಂಡು ಅವಳನ್ನು ಮೆಲ್ಲಗೆ ಹರಿವಿನೊಳಕ್ಕೆ ತಳ್ಳಿದ. ನೀರಿನ ರಭಸಕ್ಕೆ ಬಾಲ ಒಂದು ಸಲ ಆಡಿತು. "ಹೋದ್ಲು ನೋಡಿ, ಹೋದ್ಲು!" ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ವಿಡಿಯೋದಲ್ಲಿ ಇರುವುದು ಅಷ್ಟೇ ಅಂತೆ.

ಅವರು ಊಟಕ್ಕೆ ಹೋದರು. ನಾನು ದಂಡೆ ಹಿಡಿದು ಕೆಳಗೆ ನಡೆದೆ. ಮೊದಲ ತಿರುವಿನಲ್ಲೇ ಸಿಕ್ಕಳು, ಹೊಟ್ಟೆ ಮೇಲಾಗಿ, ಬಾಗಿದ ಕೊಂಬೆಯೊಂದಕ್ಕೆ ಸಿಕ್ಕಿಕೊಂಡು. ಎಳೆದು ದಡಕ್ಕೆ ಹಾಕುವಷ್ಟರಲ್ಲಿ ನನ್ನ ನಿಲುವಂಗಿ ತೊಯ್ದು ತೊಪ್ಪೆಯಾಯಿತು. ಮಣ್ಣು ತೋಡಿ, ಮೇಲೆ ಕಲ್ಲು ಹೇರಿದೆ. ಹಳದಿ ಪಟ್ಟಿಯನ್ನು ಕತ್ತರಿಸಿ ಇಟ್ಟುಕೊಂಡೆ.

ನೆಟ್ಟಗೆ ಡೇರೆಗೆ ಹೋದೆ. ಸಾಹುಕಾರ ಮಾಂಸ ತುಂಬಿ ಕರಿದ ಖೂಶೂರ್ ಕಚ್ಚುತ್ತ, ಗಲ್ಲದಿಂದ ಎಣ್ಣೆ ಇಳಿಸಿಕೊಂಡು, ಪ್ರಕೃತಿಯ ಬಗ್ಗೆ ಮಾತಾಡುತ್ತಿದ್ದ. ಎನೆಬಿಶ್ ಒಂದು ಕಾಗದ ಮುಂದಿಟ್ಟ. 'ಮೀನನ್ನು ಆರೋಗ್ಯವಾಗಿ ನೀರಿಗೆ ಬಿಡಲಾಯಿತು' ಎಂದು ಅಚ್ಚಾಗಿತ್ತು. ಕೆಳಗೆ ನದಿ ಕಾವಲುಗಾರರ ಸಹಿಗೆ ಜಾಗ.

ಆಗ ನಾನು ಅಂದದ್ದು: "ಥೂ ನಿಮ್ಮ ಮುಖಕ್ಕೆ! ಕಳ್ಳಬೇಟೆಯವನು ಹಸಿವಿಗೆ ಕೊಲ್ತಾನೆ, ಕದ್ದು ಕೊಲ್ತಾನೆ, ಸಿಕ್ಕಿಬಿದ್ರೆ ತಲೆ ತಗ್ಗಿಸ್ತಾನೆ. ನೀವು ಮೈಕು ಹಾಕ್ಕೊಂಡು ಕೊಂದ್ರಲ್ಲೋ! ಆ ಮೀನು ಈ ನೀರಿಗೆ ಬಂದಾಗ ನಿನಗಿನ್ನೂ ಮೂಗು ಒರೆಸ್ಕೊಳ್ಳೋಕೆ ಬರ್ತಿರ್ಲಿಲ್ಲ ಎನೆಬಿಶ್. ನಿನ್ನ ಬಿಳಿ ಬೂಟು ಬಿಚ್ಚಿ ಬಾ, ತಿರುವಿನ ಹತ್ರ ಹೂತಿದೀನಿ, ತೋರಿಸ್ತೀನಿ. ಆಮೇಲೆ ಬರಿ ಆರೋಗ್ಯವಾಗಿ ಅಂತ."

ಹೀಗಾಯಿತು ಅಕ್ಕ. ಇಂಥವರ ಕೈಗೆ ನದಿ ಸಿಕ್ಕಿದೆ. ಮೀನು ಹೆದರುವುದಿದ್ದರೆ ಇವರ ಪ್ರೀತಿಗೆ ಹೆದರಬೇಕು.

ಚಳಿಗೆ ಮುಂಚೆ ಮಂಡಿಗೆ ಒಂಟೆ ಉಣ್ಣೆಯ ಪಟ್ಟಿ ಕಟ್ಟಿಕೋ, ನಾನು ಹೆಣೆದದ್ದನ್ನು ಇದರ ಜೊತೆ ಕಳಿಸಿದ್ದೇನೆ. ಒಣಮೊಸರೂ ಇದೆ, ತಂಗಿಗೂ ಕೊಡು. ನಿನ್ನ ಚಳಿಗಾಲ ಮೆತ್ತಗೆ ಕಳೆಯಲಿ, ಮೆಟ್ಟಿಲುಗಳು ನಿನ್ನ ಮಾತು ಕೇಳಲಿ.

ನಿನ್ನ
ಸೆವ್ಜಿದ್

ಹಿಂಬರಹ: ಬರೆದದ್ದನ್ನು ಓದಿ ನೋಡಿದೆ. ನಿನಗೆ ಸುಳ್ಳು ಕಳಿಸಲು ಮನಸ್ಸು ಬರುತ್ತಿಲ್ಲ. ಡೇರೆಯಲ್ಲಿ ಅಂದೆ ಎಂದು ಬರೆದೆನಲ್ಲ, ಆ ಮಾತುಗಳನ್ನೆಲ್ಲ ನಾನು ಆಡಿದ್ದು ನಿಜ. ಆದರೆ ಮನೆಗೆ ಬರುವ ದಾರಿಯಲ್ಲಿ, ಕುದುರೆಗೆ.

ಡೇರೆಗೆ ಹೋದಾಗ ಎಲ್ಲರೂ ಎದ್ದು ನಿಂತರು. ನನಗೆ ಮೇಲಿನ ಕುರ್ಚಿ ಕೊಟ್ಟರು. ಇಷ್ಟು ವರ್ಷ ನದಿ ಕಾಯ್ದ ತಾಯಿ ಎಂದು ಮೈಕಿನಲ್ಲಿ ಹೇಳಿ, ನೀಲಿ ರೇಷ್ಮೆಯ ಮೇಲೆ ಪದಕವಿಟ್ಟು ಎರಡು ಕೈಯಲ್ಲಿ ಕೊಟ್ಟರು. ಇಷ್ಟು ವರ್ಷದಲ್ಲಿ ನಮ್ಮಿಬ್ಬರನ್ನು ಯಾರಾದರೂ ಕೂರಿಸಿ ಒಂದು ಬಟ್ಟಲು ಚಹಾ ಕೊಟ್ಟಿದ್ದರೇ ಅಕ್ಕ? ನನ್ನ ತೋಳು ಇನ್ನೂ ಒದ್ದೆಯಿತ್ತು, ಉಗುರಲ್ಲಿ ಅವಳ ಗೋರಿಯ ಮಣ್ಣಿತ್ತು. ಆದರೂ ನನಗೆ ಖುಷಿಯಾಯಿತು. ಕಾಗದ ಮುಂದಿಟ್ಟಾಗ ಸಹಿ ಹಾಕಿಬಿಟ್ಟೆ.

ಇದರ ಜೊತೆ ಇನ್ನೊಂದು ಲಕೋಟೆ ಇಟ್ಟಿದ್ದೇನೆ. ಅದರೊಳಗೆ ಹಳದಿ ಪಟ್ಟಿ ಇದೆ, ಮೀನು ಹೇಗೆ ಸತ್ತಿತು, ಎಲ್ಲಿ ಹೂತೆ, ನಾನು ಹಾಕಿದ್ದು ಸುಳ್ಳು ಸಹಿ ಎಂದೆಲ್ಲ ಬರೆದು ಹೆಸರು ಹಾಕಿದ್ದೇನೆ. ಮೇಲೆ ಆ ವಿಜ್ಞಾನಿಗಳ ವಿಳಾಸವಿದೆ. ಕೆಲಸ ಹೋಗುತ್ತದೆ, ಹೋಗಲಿ. ನಾಲ್ಕು ದಿನದಿಂದ ಅದನ್ನು ಅಂಚೆಗೆ ಹಾಕಲು ಹೊರಟು ಹೊರಟು ವಾಪಸು ಬರುತ್ತಿದ್ದೇನೆ. ನೀನು ಹಾಕು. ಹಾಕಿದ ಮೇಲೆ ನನಗೆ ತಿಳಿಸು, ಅದಕ್ಕೆ ಮುಂಚೆ ನನ್ನನ್ನು ಕೇಳಬೇಡ.